ಬೋಣಿಯಾಗದ ಬುಧವಾರ

ಆ ಬುಧವಾರ ಮಧ್ಯಾಹ್ನವಾದರೂ ಹೊನ್ನಾಳಿಯ ಪೇಟೆಬೀದಿಯಲ್ಲಿ ಮರುಳಪ್ಪನವರ ಬಟ್ಟೆ ಅಂಗಡಿಗೆ ಬೋಣಿಯಾಗಿರಲಿಲ್ಲ. ಮೊದಲ ವ್ಯಾಪಾರವಾಗದೆ ಅಂಗಡಿಯಿಂದ ಒಂದು ದಾರದ ಎಳೆಯೂ ಹೊರಗೆ ಹೋಗಬಾರದೆಂಬುದು ಅವರ ಅಪ್ಪ ಮಾಡಿಟ್ಟ ಕಟ್ಟಳೆ. ಅದರ ಮೇಲೆ ಸಂಜೆ ಮಳಿಗೆಯ ಮಾಲೀಕ ಪ್ರಸನ್ನಕುಮಾರ್ ಬರುವವರಿದ್ದರು. "ವ್ಯಾಪಾರ ಇಲ್ಲಾಂದ್ರೆ ಮಳಿಗೆ ಬಿಟ್ಟುಬಿಡ್ರಿ, ಬೇರೇರು ಕೇಳಾಕೆ ಹತ್ಯಾರೆ" ಎಂದು ಫೋನಿನಲ್ಲಿ ಹೇಳಿದ್ದರು. ಮರುಳಪ್ಪನವರ ಎದೆ ದಾರ ಸಿಕ್ಕಿಕೊಂಡ ಹೊಲಿಗೆ ಯಂತ್ರದಂತೆ ಕಟಕಟ ಅನ್ನುತ್ತಿತ್ತು.

ಎದುರುಮನೆಯ ರುದ್ರಾಣಿ ಮೆಟ್ಟಿಲು ಹತ್ತಿದ್ದೇ ತಡ, ಅವರು ಇಳಕಲ್ ಸೀರೆ ಬಿಚ್ಚಿ ಹರಡಿದರು.

"ಸೀರೆ ಬ್ಯಾಡ ಮಾವಾರೆ, ನನ್ ಪಾರ್ಸಲ್ ಕೊಡ್ರಿ."

ಬೀದಿಯವರೆಲ್ಲ ಫೋನಿನಲ್ಲಿ ಸಾಮಾನು ತರಿಸುವಾಗ 'ಮರುಳಪ್ಪನ ಅಂಗಡಿ ಹತ್ತಿರ' ಎಂದೇ ವಿಳಾಸ ಕೊಡುತ್ತಿದ್ದರು. ಪಾರ್ಸಲ್ ತರುವ ತಿಮ್ಮೇಶ ಮನೆಮನೆ ಹುಡುಕಲಾರದೆ ಮೂಟೆಯನ್ನು ಇಲ್ಲೇ ಸುರಿದು ಹೋಗುತ್ತಿದ್ದ. ಬೇಡವೆನ್ನಲು ಬಾರದ ಮರುಳಪ್ಪ ಒಂದೊಂದರ ದೂಳನ್ನೂ ಒರೆಸಿ ಕೊಡುತ್ತಿದ್ದರು.

"ಬೋಣಿ ಆಗಿಲ್ಲವ್ವ. ಆಗೋತನಕ ಏನೂ ಹೊರಗೆ ಹೋಗಂಗಿಲ್ಲ."

"ಅದು ನಿಮ್ ಮಾಲಲ್ರೀ, ನಂದು!"

"ಹೊಸಲು ನಂದಲ್ಲೇನವ್ವ?"

ರುದ್ರಾಣಿ ಸಿಡುಕುತ್ತ ಮೆಟ್ಟಿಲ ಮೇಲೆ ಕೂತಳು. ಅವಳ ಹಿಂದೆ ಪಾರ್ಸಲ್ಲಿಗೆಂದು ಬಂದವರೂ ಕೂತರು. ಸಂಜೆಯ ಹೊತ್ತಿಗೆ ಅಂಗಡಿ ಮುಂದೆ ನ್ಯಾಯಬೆಲೆ ಅಂಗಡಿಯಷ್ಟು ಜನ. ಸಾಸ್ವೆಹಳ್ಳಿ ಬಸ್ಸಿನವರು ಕಿಟಕಿಯಿಂದ ಇಣುಕಿ, "ಏನ್ರೀ, ರಿಯಾಯ್ತಿ ಮಾರಾಟ ಐತಾ?" ಎಂದು ಕೂಗಿದರು. ಪಕ್ಕದ ಪಾತ್ರೆ ಅಂಗಡಿಯ ಸರ್ವಮಂಗಳಮ್ಮ ತಮ್ಮಲ್ಲಿ ಮಾರಾಟವಾಗದೆ ಉಳಿದ ಚೊಂಬುಗಳಲ್ಲಿ ಎಲ್ಲರಿಗೂ ನೀರು ತಂದುಕೊಟ್ಟರು.

ಆಗ ಮರುಳಪ್ಪನವರಿಗೆ ಹೊಳೆಯಿತು. ಪ್ರಸನ್ನಕುಮಾರ್ ಈ ಜನಜಂಗುಳಿ ನೋಡಿದರೆ ಮಳಿಗೆ ಉಳಿದಂತೆಯೇ! ಆದರೆ ಅಲ್ಲಿಯವರೆಗೆ ಬೋಣಿಯಾಗಬಾರದು.

"ಒಂದ್ ಕರ್ಚೀಫ್ ಕೊಡ್ರಿ, ನಿಮ್ ಬೋಣಿ ಮುಗೀಲಿ," ಎಂದಳು ರುದ್ರಾಣಿ.

"ಕರ್ಚೀಫ್ ಖಾಲಿ."

"ಟವಲ್ಲು?"

"ಇಲಿ ಕಡಿದೈತೆ."

"ಪಂಚೆನಾರ ಕೊಡ್ರಿ!"

"ಹೆಣ್ಮಗಳು, ನಿನಗ್ಯಾಕವ್ವ ಪಂಚೆ?"

ಬೆಳಗಿನಿಂದ ದಾರಿ ಕಾದಿದ್ದ ಗಿರಾಕಿಯನ್ನು ಈಗ ಬೆಲ್ಲದ ಮೇಲಿನ ನೊಣದಂತೆ ಓಡಿಸಬೇಕಾಗಿ ಬಂದು ಅವರು ಬೆವತುಹೋದರು. ಆ ಬೆವರು ನೋಡಿ ಸರ್ವಮಂಗಳಮ್ಮನ ಕರುಳು ಚುರ್ರೆಂದಿತು. ತಾವೇ ಒಳಗೆ ಬಂದು ಒಂದು ಟವಲ್ ಎಳೆದುಕೊಂಡು, ದುಡ್ಡನ್ನು ಗಲ್ಲಾಪೆಟ್ಟಿಗೆಗೆ ಹಾಕಿಬಿಟ್ಟರು.

"ನನ್ ಕೈಯಿಂದಾನೇ ಬೋಣಿ ಆಗ್ಲಿ ಅಣ್ಣಾರೆ. ಮೊದ್ಲು ಇದ್ರಾಗೆ ಬೆವರು ಒರೆಸ್ಕಳ್ರಿ," ಎಂದು ಟವಲನ್ನು ಅವರ ಹೆಗಲಿಗೇ ಹಾಕಿದರು.

"ಬೋಣಿ ಆತು!" ಎಂದು ರುದ್ರಾಣಿ ಕೂಗಿದಳು. ಜನ ಒಟ್ಟಿಗೇ ಒಳನುಗ್ಗಿದರು. ಸರಿಯಾಗಿ ಆಗಲೇ ಪ್ರಸನ್ನಕುಮಾರರ ಕಾರು ಬಂದು ನಿಂತಿತು. ಇಳಿದವರೇ ಫೋನೆತ್ತಿ ಜನರ ವಿಡಿಯೋ ಮಾಡಿ ಕಳಿಸಿ, ಯಾರ ಜೊತೆಗೋ ಎರಡು ಮಾತಾಡಿ ಒಳಬಂದರು.

"ಅಬ್ಬಬ್ಬಾ, ಎಷ್ಟ್ ಜನ ಮರುಳಪ್ಪಾರೆ! ಎಲ್ಲಾ ಪಾರ್ಸಲ್ಲಿಗಾ?"

"ಹೆಂಗಾರ ಇರ್ಲಿ ಸಾವ್ಕಾರ್ರೆ, ಜನ ಬಂದಾರಲ್ಲ! ಇನ್ನು ಮಳಿಗೆ ಬಿಡೋ ಮಾತು..."

"ಬಿಡ್ಲೇಬೇಕು. ಮಳಿಗೆ ಕೇಳಿದ್ದೇ ಪಾರ್ಸಲ್ ಕಂಪನಿಯೋರು. ಈ ಬೀದಿಗೆ ಯಾರ್ ಬರ್ತಾರೆ ಅಂತ ಅನುಮಾನ ಮಾಡ್ತಿದ್ರು. ಈಗ ವಿಡಿಯೋ ಕಳಿಸ್ದೆ, ನಾಳೇನೇ ಬರ್ತಾರಂತೆ."

ಮರುಳಪ್ಪ ಮಧ್ಯಾಹ್ನ ಬಿಚ್ಚಿ ಹರಡಿದ್ದ ಇಳಕಲ್ ಸೀರೆಯನ್ನು ಮಡಚಿಟ್ಟರು.

"ಅಂದಂಗೆ, ಬೋಣಿ ಆತಲ್ಲ? ನಂದೂ ಒಂದ್ ಅಂಗಿ ಪಾರ್ಸಲ್ ಬಂದಿರ್ಬೇಕು, ನೋಡ್ರಿ," ಎಂದರು ಪ್ರಸನ್ನಕುಮಾರ್.

ಮರುಳಪ್ಪ ಹುಡುಕಿದರು. ಸಿಕ್ಕಿತು. ಹೆಗಲ ಮೇಲಿನ ಹೊಸ ಟವಲ್ಲಿನಿಂದ ಅದರ ದೂಳು ಒರೆಸಿ, ಎರಡೂ ಕೈಯಲ್ಲಿ ಕೊಟ್ಟರು.