ಭಾವನ ಗಾಡಿಯ ಹೆಚ್ಚುವರಿ ಕುದುರೆಗಳು

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನಾನು ಖಂಡಿತ ಒಪ್ಪುವುದಿಲ್ಲ. ಕೆಟ್ಟಿರುವುದು ಅವರ ಬಲಗಾಲು, ಅಷ್ಟೇ! ಆಕ್ಸಿಲರೇಟರ್ ಮೇಲೆ ಇಟ್ಟರೆ ಅದು ಯಾರ ಮಾತೂ ಕೇಳುವುದಿಲ್ಲ.

ಮನೆಮಂದಿಯೆಲ್ಲ ಹಿಡಿಯುವ ದೊಡ್ಡ ಡೀಸೆಲ್ ಗಾಡಿ ಅವರದು. ಕಂಪನಿಯವರು ಕೊಟ್ಟ ಪವರ್ ಸಾಲದೆಂದು ದೊಡ್ಡನೆಕ್ಕುಂದಿಯ ಯಾವುದೋ ಶೆಡ್ಡಿಗೆ ಹೋಗಿ ಟ್ಯೂನ್ ಮಾಡಿಸಿಕೊಂಡು ಬಂದರು. ಸ್ಪ್ಯಾನರ್ ಇಲ್ಲ, ಗ್ರೀಸ್ ಇಲ್ಲ. ಸ್ಟೀರಿಂಗ್ ಕೆಳಗೆ ಒಂದು ವೈರು ಚುಚ್ಚಿ, ಲ್ಯಾಪ್‌ಟಾಪಿನಿಂದ ಎಂಜಿನ್ನಿಗೆ ಹೊಸ ಬುದ್ಧಿ ತುಂಬಿದರಂತೆ. ಭಾವನಿಗೂ ಸ್ವಲ್ಪ ತುಂಬಬಾರದಿತ್ತೇ?

"ಎಂಜಿನ್ನಿಗೆ ಮೂವತ್ತು ಕುದುರೆ ಪವರ್ ಜಾಸ್ತಿ ಆಗಿದೆ ಕಣೋ!"

"ಎಲ್ಲಿ ಓಡಿಸ್ತೀರ ಭಾವ? ಟಿನ್ ಫ್ಯಾಕ್ಟರಿ ಹತ್ರದ ಜಾಮಲ್ಲಾ?"

"ಪಿಕಪ್ ಅನ್ನೋದು ನಿನ್ನಂಥ ಸ್ಕೂಟರ್‌ನವರಿಗೆ ಅರ್ಥ ಆಗಲ್ಲ ಬಿಡು."

ಹೊಸ ಪವರ್ ಬಂದ ಮೇಲೆ ಪೂಜೆ ಬೇಡವೇ? ಹಲಸೂರಿನ ದೇವಸ್ಥಾನದ ಮುಂದೆ ಗಾಡಿ ನಿಂತಿತು. ಅರ್ಚಕರು ಕುಂಕುಮ ಹಿಡಿದು, "ಹೊಸದು ಯಾವ್ದು ತೋರಿಸಿ ಸಾರ್" ಎಂದರು. "ಕಣ್ಣಿಗೆ ಕಾಣಲ್ಲ ಸ್ವಾಮಿ, ಒಳಗಿದೆ" ಎಂದರು ಭಾವ. ದೇವರ ಬಗ್ಗೆ ಹೇಳುವ ಮಾತನ್ನು ಸಾಫ್ಟ್‌ವೇರ್ ಬಗ್ಗೆ ಹೇಳಿದ ಭಕ್ತನನ್ನು ಅರ್ಚಕರು ನೋಡಿದ್ದು ಅದೇ ಮೊದಲು! ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ನಿಧಾನವಾಗಿ ಹತ್ತಿಸಬೇಕು ತಾನೇ? ಭಾವ ಹಳೆಯ ಅಂದಾಜಿನಲ್ಲೇ ಕಾಲೊತ್ತಿದರು. ಗಾಡಿ ಛಂಗನೆ ನೆಗೆಯಿತು! ನಿಂಬೆರಸ ಪಕ್ಕದಲ್ಲಿ ನಿಂತಿದ್ದ ನನ್ನ ಪ್ಯಾಂಟಿಗೆ. ಅರ್ಚಕರು ಮಂಗಳಾರತಿ ತಟ್ಟೆ ಸಮೇತ ಹೂವಿನ ಅಂಗಡಿಯೊಳಕ್ಕೆ. ಭಾವ ಗಾಬರಿಯಲ್ಲಿ ಬ್ರೇಕ್ ಒತ್ತಿದ ರಭಸಕ್ಕೆ ಮುಂದಿನ ಸೀಟಿನಲ್ಲಿದ್ದ ಅಕ್ಕನ ಕನ್ನಡಕ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿತ್ತು.

"ರೀ, ಇದನ್ನ ಮೊದಲಿನ ಥರ ಮಾಡಿಸೋವರೆಗೂ ನಾನು ಈ ಗಾಡಿ ಹತ್ತಲ್ಲ" ಎಂದಳು ಅಕ್ಕ. ಹತ್ತಲೂ ಇಲ್ಲ.

ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಸಿ.ವಿ. ರಾಮನ್ ನಗರದಿಂದ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದರು. ಅಕ್ಕನನ್ನು ಹಲಸೂರಿನ ಆಫೀಸಿಗೆ ಬಿಟ್ಟು ಭಾವ ಶಿವಾಜಿನಗರಕ್ಕೆ ಹೋಗುತ್ತಿದ್ದರು. ಈಗ ಅಕ್ಕ ಮೆಟ್ರೊದಲ್ಲಿ, ಭಾವ ಗಾಡಿಯಲ್ಲಿ. ಹಠ ಬಿಟ್ಟರೇ? ತಲೆಯ ಮೇಲೆ ಹೋಗುವ ಮೆಟ್ರೊ ಜೊತೆ ರೇಸಿಗೆ ಬಿದ್ದರು! ಇಂದಿರಾನಗರದಲ್ಲಿ ಅಷ್ಟೂ ಕುದುರೆಗಳು ಬಾಲ ಅಲ್ಲಾಡಿಸುತ್ತ ನಿಂತಿದ್ದಾಗ, ಎಳನೀರಿನ ತಳ್ಳುಗಾಡಿಯೊಂದು ಪಕ್ಕದಲ್ಲೇ ನುಸುಳಿ ಮುಂದೆ ಹೋಯಿತಂತೆ. ಅಷ್ಟರಲ್ಲಿ ಅಕ್ಕ ಆಫೀಸಿನಲ್ಲಿ ಕಾಫಿ ಕುಡಿದು ಮುಗಿಸಿದ್ದಳು.

ಒಂದು ದಿನ ಭಾವ ನನಗೆ ಫೋನ್ ಮಾಡಿದರು. "ಶೆಡ್ಡಿಗೆ ಹೋಗಿದ್ದೆ ಕಣೋ. ಹಳೇ ಸೆಟ್ಟಿಂಗೇ ಹಾಕಿಸ್ಕೊಂಡ್ ಬಂದೆ."

"ಯಾಕೆ ಭಾವ, ಎಂಜಿನ್ ಏನಾದ್ರೂ ಕೈ ಕೊಡ್ತಾ?"

"ಮನೇಲಿ ಅಡುಗೆ, ಮಕ್ಕಳ ಹೋಂವರ್ಕು, ಅವಳ ಫೋನು, ನನ್ನ ಫೋನು. ನಾವಿಬ್ರೂ ಮಾತಾಡ್ತಾ ಇದ್ದಿದ್ದೇ ಟ್ರಾಫಿಕ್ಕಲ್ಲಿ. ಒಬ್ಬನೇ ಕೂತ್ರೆ ಆಗಲ್ಲ ಕಣೋ, ಅವಳಿಲ್ದೆ ತುಂಬಾ ಬೇಜಾರಾಗತ್ತೆ" ಎಂದರು. ಗೇಲಿ ಮಾಡಲು ಹೊರಟಿದ್ದವನು, "ಇದನ್ನ ಅಕ್ಕಂಗೆ ಹೇಳಿ ಭಾವ" ಎಂದೆ.

ಮಾರನೆಯ ಬೆಳಿಗ್ಗೆ ಹಲಸೂರು ಕೆರೆಯ ಹತ್ತಿರದ ಸಿಗ್ನಲ್ಲಿನಲ್ಲಿ ಅವರ ಗಾಡಿಯ ಹಿಂದೆಯೇ ನನ್ನ ಸ್ಕೂಟರು ನಿಂತಿತ್ತು. ಅಕ್ಕ ಕೈ ತಿರುಗಿಸುತ್ತ ಯಾರ ಮೇಲೋ ದೂರು ಹೇಳುತ್ತಿದ್ದಳು. ಭಾವ ಅವಳ ಕಡೆಗೇ ತಿರುಗಿ ನಗುತ್ತಿದ್ದರು. ಹಸಿರು ದೀಪ ಬಂತು. ಗಾಡಿ ಕದಲಲಿಲ್ಲ. ಹಾರ್ನ್ ಹೊಡೆಯಲು ನನಗೆ ಮನಸ್ಸು ಬರಲಿಲ್ಲ.