ಏಳಡಿ ಕಬ್ಬಿಣ ಮತ್ತು ನಾನು

ನಾನು ಪೇಟೆಗೆ ಹೋದರೆ ಕೊಳ್ಳಬೇಕೆಂದದ್ದು ಒಂದು, ಮನೆಗೆ ಬರುವುದು ಇನ್ನೊಂದು. ಹೀಗೇಕೆಂದು ಇವತ್ತಿಗೂ ನನಗೆ ತಿಳಿದಿಲ್ಲ. ತೊಂಬತ್ತರ ದಶಕದಲ್ಲಿ ಬ್ಯಾಂಕಿನವರು ನನ್ನನ್ನು ದಾವಣಗೆರೆಯಿಂದ ಅಹಮದಾಬಾದಿಗೆ ವರ್ಗ ಮಾಡಿದ್ದರು. ಒಮ್ಮೆ ಚಹಾದ ಹೊತ್ತಿನಲ್ಲಿ, ಕಾಲೇಜಿನಲ್ಲಿದ್ದಾಗ ಭಾರ ಎತ್ತುತ್ತಿದ್ದೆ ಎಂದು ಜಂಬ ಕೊಚ್ಚಿಕೊಂಡೆ. ಮ್ಯಾನೇಜರು ಅಲ್ಲೇ ಕೂತು, ವಡೋದರಾದಲ್ಲಿ ನಡೆಯಲಿದ್ದ ನೌಕರರ ಪವರ್‌ಲಿಫ್ಟಿಂಗ್ ಪಂದ್ಯಕ್ಕೆ ನನ್ನ ಹೆಸರು ಬರೆದುಬಿಟ್ಟರು. ಇಡೀ ಶಾಖೆಯ ಮಾನ ನನ್ನ ಸೊಂಟದ ಮೇಲೆ ಬಂತು.

ಮನೆಯಲ್ಲೇ ಅಭ್ಯಾಸಕ್ಕೆ ಒಂದು ಬಾರ್, ಅಂದರೆ ಎರಡೂ ತುದಿಗೆ ತೂಕ ಹಾಕಿ ಎತ್ತುವ ಸರಳು, ಬೇಕಿತ್ತು. ಹೆಂಡತಿ ಮಿಕ್ಸಿಗೆಂದು ಕೂಡಿಟ್ಟ ದುಡ್ಡನ್ನೇ ತೆಗೆದುಕೊಟ್ಟು, "ಇದರ ಮೇಲೆ ಕೇಳಬೇಡಿ. ಅಲ್ಲಿ ನಗೆಪಾಟಲಾಗಿ ಮಾತ್ರ ಬರಬೇಡಿ" ಎಂದಳು.

೧. ಗ್ಯಾರಂಟಿ

ನವರಂಗಪುರದ ಅಂಗಡಿಯವನು ನನ್ನನ್ನು ಕೂರಿಸಿ, ಚಹಾ ತರಿಸಿ, ಐದಡಿಯದೋ ಆರಡಿಯದೋ ಏಳಡಿಯದೋ, ಟೊಳ್ಳೋ ಗಟ್ಟಿಯೋ, ಹಿಡಿ ನುಣುಪೋ ತರಿಯೋ ಎಂದು ಒಂದೇ ಉಸಿರಿಗೆ ಕೇಳಿದ. ನನಗೆ ತಲೆ ಗಿರ್ರೆಂದಿತು. ಎಲ್ಲಕ್ಕೂ ಹೂಂ ಎಂದೆ. ಕೊನೆಗೆ ನನ್ನ ದುಡ್ಡಿಗೆ ಸಿಗುವ ಒಂದೇ ಒಂದು ತೆಳು ಸರಳನ್ನು ಮುಂದಿಟ್ಟ.

"ಬಗ್ಗುತ್ತದೆಯೇ?"

"ಗ್ಯಾರಂಟಿ ಸಾಹೇಬ್, ಬಗ್ಗೋದೇ ಇಲ್ಲ."

"ಎಷ್ಟು ತೂಕ ಹಾಕಬಹುದು?"

ಅವನಿಗೆ ನಿಜವಾಗಿಯೂ ಬೇಸರವಾಯಿತು. "ತೂಕ ಹಾಕಿದರೆ ಯಾವುದು ತಾನೇ ಬಗ್ಗಲ್ಲ, ಸಾಹೇಬ್?"

೨. ಉದಾರಿ

ಆ ತೆಳು ಸರಳನ್ನು ಅಲ್ಲೇ ಬಿಟ್ಟು ಬಂದೆ. ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ಅವುಗಳ ಯಂತ್ರದ ಉಕ್ಕಿನ ಸರಳುಗಳು ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತವೆ ಎಂದು ನಮ್ಮ ಕ್ಯಾಷಿಯರ್ ಹೇಳಿದರು. ಹೋದೆ. ಏಳಡಿಯ ಗಟ್ಟಿ ಸರಳೊಂದು ಸಿಕ್ಕಿತು. ಪಂದ್ಯದ ಬಾರಿನಂತೆ ಸರಿಯಾಗಿ ಇಪ್ಪತ್ತು ಕಿಲೋ ಇರಬೇಕು ಎಂದೆ. ತೂಗಿದರೆ ಇಪ್ಪತ್ತಮೂರು.

"ಮೂರು ಕಿಲೋ ಜಾಸ್ತಿಯಾಯ್ತಲ್ಲ."

ಗುಜರಿಯವನು ಕರಗಿಹೋದ. "ಅದು ಫ್ರೀ ಸಾಹೇಬ್, ಇಟ್ಟುಕೊಳ್ಳಿ. ದೂರದ ಊರಿನವರು ನೀವು."

ಫ್ರೀಯಾದರೂ ಅದನ್ನು ಎತ್ತಬೇಕಾದವನು ನಾನೇ ಎಂದು ವಿವರಿಸಿದೆ. ಅವನು ಕೈಮುಗಿದ. "ಮೂವತ್ತು ವರ್ಷದ ವ್ಯಾಪಾರದಲ್ಲಿ ತೂಕ ಕಮ್ಮಿ ಹಾಕು ಅಂತ ಜಗಳಕ್ಕೆ ನಿಂತವರು ನೀವೊಬ್ಬರೇ!"

೩. ಶುಭಕಾರ್ಯ

ಕೊನೆಗೆ ಆ ಇಪ್ಪತ್ತಮೂರು ಕಿಲೋವನ್ನೇ ಮನೆಗೆ ತಂದೆ. ತುದಿಗೆ ಹಾಕುವ ತೂಕದ ಬಿಲ್ಲೆಗಳು ಮುಂದಿನ ಸಂಬಳಕ್ಕೆ ಎಂದುಕೊಂಡು ಬರೀ ಸರಳನ್ನು ಬಾಲ್ಕನಿಯಲ್ಲಿ ಮಲಗಿಸಿ ಕಚೇರಿಗೆ ಹೋದೆ. ಸಂಜೆ ಬಂದರೆ ಮನೆ ತುಂಬ ಜನ. ಬಾಗಿಲಲ್ಲೇ ನನ್ನ ಕೈಗೆ ಪೇಡೆ ಬಂತು. ಯಾರಿಗೆ ಏನಾಯಿತೆಂದು ಕೇಳಲೂ ಹೆದರಿಕೆ.

ಆ ಊರಿನಲ್ಲಿ ಉಯ್ಯಾಲೆಯಿಲ್ಲದ ಮನೆ ಮನೆಯೇ ಅಲ್ಲ. ನಮ್ಮ ಮನೆಯಲ್ಲಿ ಅದಿಲ್ಲವೆಂದು ಕೆಳಮನೆಯ ಬೆನ್ (ಅಲ್ಲಿ ಅಕ್ಕನನ್ನು ಹಾಗೆ ಕರೆಯುತ್ತಾರೆ) ಎರಡು ವರ್ಷದಿಂದ ಮರುಗುತ್ತಿದ್ದರು. ಬಾಲ್ಕನಿಯಲ್ಲಿ ಉಕ್ಕಿನ ಸರಳು ಕಂಡದ್ದೇ ತಡ, ಅಂತೂ ಇವರಿಗೂ ಬುದ್ಧಿ ಬಂತು ಎಂದು ಗಂಡನನ್ನು ಪೇಟೆಗೆ ಓಡಿಸಿ, ಗಾರೆಯವನನ್ನು ಕರೆಸಿದ್ದರು. ಸರಳು ಬಾಲ್ಕನಿಯ ಎರಡು ಗೋಡೆಗಳ ನಡುವೆ, ನನ್ನ ತಲೆಯ ಮೇಲೆ, ಸಿಮೆಂಟಿನಲ್ಲಿ ಭದ್ರವಾಗಿ ಕೂತಿತ್ತು. ಅದರಿಂದ ಸರಪಳಿ, ಸರಪಳಿಗೆ ಹಲಗೆ, ಹಲಗೆಯ ಮೇಲೆ ನನ್ನ ಹೆಂಡತಿ.

"ಇದೇನೇ?" ಎಂದೆ.

"ನನಗೂ ಗೊತ್ತಿಲ್ಲ ರೀ. ಬಂದರು, ಕಟ್ಟಿದರು, ಕೂರಿಸಿದರು" ಎಂದು ತೂಗುತ್ತಲೇ ಹೇಳಿದಳು. ಈ ಊರಿಗೆ ಬಂದ ಮೇಲೆ ಅವಳು ಅಷ್ಟು ಜನರ ನಡುವೆ ನಗುತ್ತಿದ್ದುದನ್ನು ನಾನು ನೋಡಿದ್ದೇ ಅವತ್ತು. ಕಿತ್ತುಹಾಕಿ ಎನ್ನಲು ಬಾಯಿ ಬರಲಿಲ್ಲ. ಪೇಡೆ ತಿಂದೆ.

ಅಭ್ಯಾಸವಿಲ್ಲದೆಯೇ ವಡೋದರಾಕ್ಕೆ ಹೋದೆ. ಮೂರು ಸಲ ಬಗ್ಗಿದೆ, ಮೂರು ಸಲವೂ ಬಾರ್ ನೆಲ ಬಿಡಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ವಾಪಸು ಬಂದರೆ ಮೆಟ್ಟಿಲಲ್ಲೇ ಬೆನ್ ಸಿಕ್ಕರು.

"ಏನಾಯ್ತು ಭಾಯ್?"

"ಎತ್ತಲು ಆಗಲಿಲ್ಲ ಬೆನ್. ಇನ್ನೂರು ಜನರ ಮುಂದೆ ಮರ್ಯಾದೆ ಹೋಯ್ತು."

ಅವರ ಕಣ್ಣಲ್ಲಿ ನೀರೇ ಬಂತು. "ಇನ್ನೂರು ಜನ ನೋಡ್ತಾ ನಿಂತಿದ್ರು, ಒಬ್ಬರೂ ಬಂದು ಆ ಕಡೆಯಿಂದ ಹಿಡಿಯಲಿಲ್ಲವೇ?"