ನಾಯಿ ಗುಳಿಗೆ, ಯಜಮಾನರ ಮಂಡಿ

ಹೊಸಪೇಟೆಯಲ್ಲಿ ನಾಯಿ ಬೆಕ್ಕುಗಳ ದವಾಖಾನೆ ತೆರೆದು ಹನ್ನೊಂದು ವರ್ಷವಾಯಿತು. ಆದರೂ ಈ ಊರಲ್ಲಿ ನಾನು ಎರಡನೇ ಡಾಕ್ಟರೇ. ಮೊದಲನೇ ಡಾಕ್ಟರು ಪ್ರತಿ ಮನೆಯ ಫ್ರಿಜ್ಜಿನ ಮೇಲೆ, ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಕೂತಿದ್ದಾರೆ. ಮನೆಯವರೆಲ್ಲ ತಿಂದು ಉಳಿದ ಗುಳಿಗೆಗಳು ಅಲ್ಲಿ ಸೇರುತ್ತವೆ. ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಅನ್ನುತ್ತಾರೆ. ನನ್ನ ಹತ್ತಿರ ಬರುವವರಿಗೆ ಆಗಲೂ ಬರುವುದಿಲ್ಲ.

ಬೆಕ್ಕಿನ ಜ್ವರ

ರೈಸ್ ಮಿಲ್ ಮಾಲೀಕರ ಹೆಂಡತಿ ಒಂದು ಬೆಳಗ್ಗೆ ಬೆಕ್ಕನ್ನು ರಟ್ಟಿನ ಡಬ್ಬದಲ್ಲಿ ಹಾಕಿಕೊಂಡು ಓಡಿ ಬಂದರು. ಅದರ ಮುಖ ಊದಿತ್ತು, ಒಸಡು ಕಂದು ಬಣ್ಣಕ್ಕೆ ತಿರುಗಿತ್ತು, ಉಸಿರಿಗೆ ಒದ್ದಾಡುತ್ತಿತ್ತು. ಏನು ಕೊಟ್ಟಿರಿ ಎಂದರೆ ಏನೂ ಇಲ್ಲ ಎಂದರು. ಮೂರನೇ ಸಲ ಕೇಳಿದಾಗ ಬಾಯಿಬಿಟ್ಟರು. ಬೆಕ್ಕಿನ ಮೈ ಬಿಸಿ ಅನ್ನಿಸಿತಂತೆ, ಮೊಮ್ಮಗನ ಜ್ವರದ ಗುಳಿಗೆಯಲ್ಲಿ ಬರೀ ಅರ್ಧ ಹಾಲಿಗೆ ಹಾಕಿದರಂತೆ.

ಬೆಕ್ಕಿನ ಮೈ ಯಾವಾಗಲೂ ನಮಗಿಂತ ಬಿಸಿ. ಆ ಪ್ಯಾರಾಸಿಟಮಾಲ್ ಅದಕ್ಕೆ ವಿಷ, ಅರ್ಧವೇ ಸಾಕು ಪ್ರಾಣ ಹೋಗಲಿಕ್ಕೆ. ಸಿಟ್ಟು ತಡೆಯದೆ, ಮನುಷ್ಯರ ಮೆಡಿಕಲ್ ಶಾಪಿನ ಸಾಮಾನು ಇನ್ನು ಬೆಕ್ಕಿನ ಹತ್ತಿರ ಸುಳಿಯಕೂಡದು ಎಂದು ಬೈದೆ. ಬೈಯುತ್ತಲೇ ಚೀಟಿ ಬರೆದೆ. ಆ ವಿಷ ಇಳಿಸುವ ಔಷಧಿ ಸಿಗುವುದು ಎದುರಿನ ಮನುಷ್ಯರ ಮೆಡಿಕಲ್ ಶಾಪಿನಲ್ಲೇ.

ಮೂರು ದಿನಕ್ಕೆ ಬೆಕ್ಕು ಎದ್ದು ನನ್ನನ್ನು ಪರಚಿತು. ಆಕೆ ಡಬ್ಬ ಎತ್ತಿಕೊಂಡು ಹೊರಡುತ್ತ ಅಂದರು: "ಅದ ಅಂಗಡಿದು ನಾ ಕೊಟ್ರ ವಿಷ, ನೀವು ಕೊಟ್ರ ಔಷಧ. ಇರ್ಲಿ ಬಿಡ್ರಿ ಮೇಡಂ, ಓದಿದವರು."

ಬಿ.ಪಿ.

ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವ ಒಬ್ಬಾಕೆ ಆಟೋದಲ್ಲಿ ನಾಯಿ ತಂದು ಮಲಗಿಸಿದರು. ನಾಡಿ ಸಿಗುತ್ತಿರಲಿಲ್ಲ. ನಾಯಿ ಬಂದ ಗಿರಾಕಿಗಳ ಮೇಲೆಲ್ಲ ಬೊಗಳುತ್ತಿತ್ತಂತೆ. ಆಕೆಯ ಗಂಡನಿಗೂ ಅದೇ ಸ್ವಭಾವ, ಆದರೆ ಬೆಳಗ್ಗೆ ಬಿ.ಪಿ. ಗುಳಿಗೆ ನುಂಗಿದರೆ ಮೆತ್ತಗಾಗುತ್ತಾರಂತೆ. ಹಾಗಾಗಿ ಆ ಬೆಳಗ್ಗೆ ನಾಯಿಗೆ ಒಂದು ಹಾಕಿದ್ದರು.

ನಾಯಿ ಉಳಿಯುವ ಭರವಸೆ ನನಗಿರಲಿಲ್ಲ. ಸಲೈನ್ ಹಾಕಿ ಊಟ ಬಿಟ್ಟು ಕೂತೆ. ಸಂಜೆಗೆ ಅದು ತಲೆ ಎತ್ತಿ ಬಾಲ ಆಡಿಸಿತು, ನನ್ನ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಆಕೆಯ ಫೋನ್ ರಿಂಗಾಯಿತು. ಗಂಡ ಯಾರೋ ಗಿರಾಕಿಯ ಜೊತೆ ಜಗಳಕ್ಕೆ ಬಿದ್ದಿದ್ದ ಕೂಗಾಟ ನನಗೂ ಕೇಳಿಸಿತು.

ಆಕೆ ಫೋನ್ ಇಟ್ಟು ನಿಟ್ಟುಸಿರು ಬಿಟ್ಟರು: "ಇದ್ದದ್ದ ಒಂದ ಗುಳಿಗಿ ಮೇಡಂ. ನಾಯಿ ಸುಮ್ಮನಾತು, ಇವ್ರು ಬೊಗಳಾಕ ಹತ್ಯಾರ."

ಎಮ್ಮಿಗನೂರಿನ ಜೋಡಿ

ಎಮ್ಮಿಗನೂರಿನ ಕಬ್ಬು ಬೆಳೆಯುವ ಯಜಮಾನರು ಮತ್ತು ಅವರ ನಾಯಿ ರಾಜ, ಇಬ್ಬರೂ ಕುಂಟುತ್ತಲೇ ಬಂದರು. ಇಬ್ಬರಿಗೂ ವಯಸ್ಸಾಗಿತ್ತು. ಯಜಮಾನರು ಮೂರು ಹೊತ್ತು ವಿಭೂತಿ ಹಚ್ಚುವವರು, ಮೊಟ್ಟೆ ಹಾಕಿದ ಕೇಕನ್ನೂ ಹೊಸ್ತಿಲು ದಾಟಿಸದವರು. ರಾಜ ಕೂಡ ರೊಟ್ಟಿ ಮೊಸರಲ್ಲೇ ಬೆಳೆದವನು. ತಮ್ಮ ಮಂಡಿನೋವಿನ ಗುಳಿಗೆಯನ್ನೇ ಅವನಿಗೂ ಎರಡು ದಿನ ಕೊಟ್ಟಿದ್ದರು, ನಾಯಿ ರಕ್ತ ಕಾರಿಕೊಂಡಿತ್ತು. ಯಜಮಾನರು ರಾಜನ ತಲೆ ಸವರಿದರು. ಮಕ್ಕಳು ಎದುರು ಮಾತಾಡ್ತಾರೆ, ಇದೊಂದೇ ನನ್ನ ಮಾತು ಕೇಳೋದು, ಉಳಿಸಿಕೊಡಿ ಎಂದರು.

ಉಳಿಸಿದೆ. ಹೊಟ್ಟೆ ಸುಧಾರಿಸಿದ ಮೇಲೆ ಕಾಲುನೋವಿಗೆ ನಾಯಿಗಳಿಗೆಂದೇ ಮಾಡಿದ ಗುಳಿಗೆಯನ್ನು, ಇದು ನಾಯಿ ಹೊಟ್ಟೆಗೆ ಒಳ್ಳೆಯದು ಎಂದು ಹೇಳಿ, ಒಂದು ತಿಂಗಳಿಗೆ ಬರೆದೆ. ಮನುಷ್ಯರ ಔಷಧಿ ನಾಯಿಗೆ ಕೊಡುವುದಿಲ್ಲ ಎಂದು ಅವರಿಂದ ವಿಭೂತಿಯ ಮೇಲೆ ಆಣೆಯನ್ನೂ ಮಾಡಿಸಿಕೊಂಡೆ.

ತಿಂಗಳಾಯಿತು. ಯಜಮಾನರು ನನ್ನ ಮೆಟ್ಟಿಲನ್ನು ಹುಡುಗರ ಹಾಗೆ ಹತ್ತಿ ಬಂದರು. ಹಿಂದೆ ರಾಜ ಕುಂಟುತ್ತ ಬಂದ, ಮೊದಲಿಗಿಂತ ಜಾಸ್ತಿಯೇ. ಗುಳಿಗೆ ಏನಾಯಿತು ಎಂದೆ. ಎಲ್ಲ ಮುಗಿದವು ಎಂದರು. ನಾನು ಅವರ ಮಂಡಿ ನೋಡಿದೆ, ನಾಯಿಯ ಕಾಲು ನೋಡಿದೆ.

"ಎಲ್ಲಾ ನೀವೇ ತಿಂದ್ರಾ?"

"ನಾಯಿ ಹೊಟ್ಟಿಗೆ ಚಲೋ ಅಂದ್ರಿ. ಒಂದು ನೋಡೂಣಂತ ತಗೊಂಡೆ, ಭಾಳ ಹಿಡಿಸ್ತು. ನಮ್ಮದು ನಾಯಿಗೆ ಬ್ಯಾಡ ಅಂದ್ರಿ, ನಾಯಿದು ನಮಗ ಬ್ಯಾಡ ಅನ್ಲಿಲ್ಲಲ್ರಿ."

ಹೊಟ್ಟೆ ತೂತಾಗಿ ಸತ್ತಿದ್ದರೆ ಯಾರು ಹೊಣೆ ಎಂದು ಕೂಗಾಡಿದೆ. ಜಗ್ಗಲಿಲ್ಲ. ಕಡೆಗೆ, ನಾಯಿ ಆಸೆಪಟ್ಟು ತಿನ್ನಲಿ ಎಂದು ಆ ಗುಳಿಗೆಗೆ ಕೋಳಿ ಲಿವರಿನ ರುಚಿ ಬೆರೆಸಿರುತ್ತಾರೆ ಎಂದು ಹೇಳಿಬಿಟ್ಟೆ.

ಯಜಮಾನರು ಹಣೆಯ ವಿಭೂತಿ ಮುಟ್ಟಿಕೊಂಡರು. ರಾಜನ ಕಡೆ ನೋಡಿದರು. ಆಮೇಲೆ ಕುರ್ಚಿ ಮುಂದಕ್ಕೆಳೆದು ಮೆಲ್ಲಗೆ ಅಂದರು:

"ಹಂಗಾದ್ರ ಇವಗ ಬ್ಯಾಡ್ರಿ, ಇವ ಇನ್ನೂ ಶುದ್ಧ ಅದಾನ. ನನಗ ಬರೀರಿ, ನಂದು ಹೆಂಗೂ ಕೆಟ್ಟೈತಿ."